ಒಂದೇ ಸಲ ಕೇಳುವ ದೇಶದಲ್ಲಿ

ಪರ್ತ್, ಸದರ್ನ್ ರಿವರ್

ಆಸ್ಟ್ರೇಲಿಯಾ ಅಂದರೆ ಸುಡು ಬಿಸಿಲು ಅಂತ ಮೈಸೂರಿನಲ್ಲಿ ನನಗೆ ಎಲ್ಲರೂ ಹೇಳಿದ್ದರು. ಹೇಳಿದವರಲ್ಲಿ ಒಬ್ಬರೂ ಆಸ್ಟ್ರೇಲಿಯಾ ಕಂಡವರಲ್ಲ. ಅವರ ಮಾತು ಕೇಳಿಕೊಂಡು ಸೂಟ್‌ಕೇಸ್ ತುಂಬ ಕಾಟನ್ ಸೀರೆ ತುಂಬಿ, ೨೦೧೪ರ ಮೇ ಕೊನೆಯಲ್ಲಿ ಪರ್ತ್‌ನಲ್ಲಿ ಇಳಿದೆ. ಏರ್‌ಪೋರ್ಟಿನ ಬಾಗಿಲು ತೆರೆದದ್ದೇ ತಡ, ಹಲ್ಲು ಕಟಕಟ ಅನ್ನೋಕೆ ಶುರುವಾಯಿತು. ಆ ಕಡೆ ಜೂನ್ ಅಂದರೆ ಚಳಿಗಾಲವಂತೆ. ಹೈಸ್ಕೂಲಿನಲ್ಲಿ ಇಡೀ ಸರ್ವಿಸ್ ಗಣಿತ ಹೇಳಿಕೊಟ್ಟವಳು ನಾನು, ಪಕ್ಕದ ಕ್ಲಾಸಿನ ಭೂಗೋಳವನ್ನ ಒಂದು ದಿನವಾದರೂ ಕಿವಿಗೆ ಹಾಕಿಕೊಂಡಿದ್ದರೆ ಈ ಗತಿ ಬರುತ್ತಿರಲಿಲ್ಲ.

ಕರೆದುಕೊಂಡು ಹೋಗಲು ಬಂದಿದ್ದವನು ನನ್ನ ತಮ್ಮ ಶ್ರೀಕಂಠ. ನಮಗೆಲ್ಲ ಕಂಠಿ. ಗಣಿ ಕಂಪನಿಯಲ್ಲಿ ಇಂಜಿನಿಯರು. ಕಾರಿನಲ್ಲಿದ್ದ ಕೆಲಸದ ಜಾಕೆಟ್ ತಂದು ನನ್ನ ಸೀರೆಯ ಮೇಲೆ ತೊಡಿಸಿದ. ಕಿತ್ತಳೆ ಬಣ್ಣ, ಅದಕ್ಕೆ ಬೆಳ್ಳಗೆ ಹೊಳೆಯುವ ಪಟ್ಟಿ. ಪಾರ್ಕಿಂಗ್‌ನಲ್ಲಿ ಒಬ್ಬ ಯಜಮಾನರು ಕಾರು ನಿಧಾನ ಮಾಡಿ, ಆಚೆ ಹೋಗೋ ದಾರಿ ಯಾವುದು ಅಂತ ನನ್ನನ್ನೇ ಕೇಳಿದರು. ನಾನು ಬಿಡ್ತೀನಾ? ಗಂಭೀರವಾಗಿ ಎಡಗಡೆಗೆ ಕೈ ತೋರಿಸಿದೆ. ಪಾಪ, ಎಲ್ಲಿಗೆ ಹೋಗಿ ಸೇರಿದರೋ.

ನಾನು ಹೋಗಿದ್ದು ಕಾಂಗರೂ ನೋಡೋಕಲ್ಲ, ನಿಖಿಲನನ್ನ ನೋಡೋಕೆ. ಕಂಠಿಗೂ ಗೀತಳಿಗೂ ಅವನೊಬ್ಬನೇ ಮಗ. ಹುಟ್ಟಿದ್ದು ಪರ್ತ್‌ನಲ್ಲೇ. ಸುತ್ತಮುತ್ತಲಿನ ನಮ್ಮವರ ಮಕ್ಕಳೆಲ್ಲ ಕ್ರಿಕೆಟ್ ಬ್ಯಾಟು ಹಿಡಿದರೆ ಇವನಿಗೆ ಅದೆಲ್ಲಿಂದಲೋ ಬೇಸ್‌ಬಾಲ್ ಹುಚ್ಚು ಹತ್ತಿತು. ಅದೇ ಹುಚ್ಚಿನಲ್ಲಿ ಅಮೆರಿಕದ ಒಂದು ಕಾಲೇಜಿಗೆ ಸ್ಕಾಲರ್‌ಶಿಪ್ ಮೇಲೆ ಹೋಗಿ, ಮೂರನೇ ವರ್ಷ ಮುಗಿಸಿ ರಜಕ್ಕೆ ಮನೆಗೆ ಬಂದಿದ್ದ. ಕನ್ನಡ ಪೂರ್ತಿ ಅರ್ಥವಾಗುತ್ತೆ, ಉತ್ತರ ಬರೋದು ಮಾತ್ರ ಇಂಗ್ಲಿಷಿನಲ್ಲಿ. 'ಅತ್ತೆ' ಅನ್ನೋದೊಂದನ್ನ ಅಚ್ಚುಕಟ್ಟಾಗಿ ಅಂತಾನೆ. ಅದೊಂದಕ್ಕೇ ಉಳಿದದ್ದನ್ನೆಲ್ಲ ನಾನು ಮಾಫಿ ಮಾಡಿದ್ದೆ. ಓದುವವರ ಅನುಕೂಲಕ್ಕೆ ಅವನ ಮಾತನ್ನ ನಾನೇ ಕನ್ನಡದಲ್ಲಿ ಬರೀತೀನಿ.

"ಅದೇನೋ ಆಟ, ನನಗೂ ಹೇಳಿಕೊಡೋ" ಅಂದೆ ಮೊದಲನೇ ದಿನ ತಿಂಡಿ ಹೊತ್ತಿಗೆ. ಅವನು ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿ, ಸಕ್ಕರೆ ಡಬ್ಬಿ, ತುಪ್ಪದ ಗಿಂಡಿ, ಉಪ್ಪಿನ ಬಟ್ಟಲು ನಾಲ್ಕನ್ನೂ ಚೌಕಕ್ಕೆ ಇಟ್ಟು, ಇವೇ ಬೇಸುಗಳು ಅಂದ. ಉಪ್ಪಿನ ಹತ್ತಿರ ಹೊಡೆಯುವವನು ನಿಲ್ತಾನೆ. ಹೊಡೆದು, ಮೊದಲು ಉಪ್ಪಿನಕಾಯಿಗೆ ಓಡಬೇಕು, ಆಮೇಲೆ ಸಕ್ಕರೆಗೆ, ತುಪ್ಪಕ್ಕೆ. "ನಾನು ನಿಲ್ಲೋದು ಸಕ್ಕರೆಗೂ ತುಪ್ಪಕ್ಕೂ ಮಧ್ಯೆ, ಅತ್ತೆ. ಚೆಂಡು ನೆಲದ ಮೇಲೆ ಕುಪ್ಪಳಿಸ್ಕೊಂಡು ಬರುತ್ತೆ. ಹಿಡಿದು, ಅವನು ಉಪ್ಪಿನಕಾಯಿ ಮುಟ್ಟೋದ್ರೊಳಗೆ ಅಲ್ಲಿಗೆ ಎಸೀಬೇಕು." ಆ ಜಾಗಕ್ಕೆ ಶಾರ್ಟ್‌ಸ್ಟಾಪ್ ಅಂತಾರಂತೆ. ನಮ್ಮ ಲಗೋರಿ ಆಟಕ್ಕೆ ಸೂಟು ಬೂಟು ಹಾಕಿದ ಹಾಗಿದೆ ಅಂದುಕೊಂಡೆ. ಗೀತ ಬಂದು, "ಆಟ ಮುಗೀತಾ? ತುಪ್ಪ ಕೊಡಿ, ದೋಸೆ ತಣ್ಣಗಾಗ್ತಿದೆ" ಅಂತ ಮೂರನೇ ಬೇಸನ್ನ ಎತ್ತಿಕೊಂಡು ಹೋದಳು.

ಅವನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿದ್ದ ವಿಷಯ ಬೇರೆಯೇ ಇತ್ತು. ಜೂನ್ ಮೊದಲಲ್ಲಿ ಅಮೆರಿಕದಲ್ಲಿ ಡ್ರಾಫ್ಟ್. ನಾವು ಚಿಕ್ಕವರಿದ್ದಾಗ ಬೀದಿಯಲ್ಲಿ ಇಬ್ಬರು ನಾಯಕರು ನಿಂತು, "ನೀನು ನನಗೆ, ಅವಳು ನಿನಗೆ" ಅಂತ ಒಬ್ಬೊಬ್ಬರನ್ನೇ ಕರೆದುಕೊಳ್ಳುತ್ತಿದ್ದರಲ್ಲ, ಅದೇ. ದೊಡ್ಡ ತಂಡಗಳು ಸರದಿ ಪ್ರಕಾರ ಕಾಲೇಜು ಹುಡುಗರ ಹೆಸರು ಕರೀತಾವೆ, ನಲವತ್ತು ಸುತ್ತು. ಹೆಸರು ಬಂದರೆ ಹುಡುಗ ವೃತ್ತಿ ಆಟಗಾರ. ಬರದಿದ್ದರೆ ನಾಲ್ಕನೇ ವರ್ಷ ಓದಿ ಇನ್ನೊಂದು ಸಲ ನೋಡಬಹುದು. ಆದರೆ ಅವನ ಕಾಲೇಜಿನವರು ಮುಂದಿನ ವರ್ಷಕ್ಕೆ ಅದೇ ಜಾಗಕ್ಕೆ ಹೊಸ ಹುಡುಗನನ್ನ ತರುತ್ತಿದ್ದರು. ಆಮೇಲೆ ಬೆಂಚು ಕಾಯುವವನನ್ನ ಯಾರು ನೋಡ್ತಾರೆ? ಈ ವರ್ಷ ಆದರೆ ಆಯಿತು, ಇಲ್ಲವಾದರೆ ಇಲ್ಲ. ಅವನ ಮೇಲೆ ಕಣ್ಣಿಟ್ಟಿದ್ದದ್ದು ಒಂದೇ ಒಂದು ತಂಡ.

ಇನ್ನೂ ಸದರ್ನ್ ರಿವರ್, ಪಕ್ಕದ ಮನೆ

ಪಕ್ಕದ ಮನೆಯ ಮಾರ್ಗರೆಟ್ ನನ್ನ ವಯಸ್ಸಿನವರೇ. ಬೇಲಿಯ ಆಚೆಯಿಂದ ಕೈ ಬೀಸಿ, ಈ ಆರ್ವೋ ಬನ್ನಿ ಅಂತ ಕರೆದರು. ಆರ್ವೋ ಅಂದರೆ ಅಲ್ಲಿ ಮಧ್ಯಾಹ್ನ. ಹೋದೆ. ಕೂತೆ. "ಟೀ ಕುಡೀತೀರಾ?" ಅಂದರು.

"ಅಯ್ಯೋ ಬೇಡ ಬೇಡ, ನಿಮಗ್ಯಾಕೆ ತೊಂದರೆ" ಅಂದೆ, ಅಭ್ಯಾಸಬಲ.

"ನೋ ವರೀಸ್" ಅಂದರು ಮಾರ್ಗರೆಟ್. ಒಳಗೆ ಹೋಗಿ ಒಂದೇ ಒಂದು ಕಪ್ ಟೀ ತಂದರು. ತಮಗೆ. ನನ್ನೆದುರಿಗೇ ಕೂತು, ಬಿಸ್ಕತ್ತು ಅದ್ದಿಕೊಂಡು, ಸೊರ್ ಅಂತ ಪೂರ್ತಿ ಕುಡಿದರು. ಹೊರಗೆ ಮಳೆ, ಒಳಗೆ ಚಳಿ, ಮೂಗಿಗೆ ಟೀ ವಾಸನೆ. ನಮ್ಮ ಕಡೆ ಬೇಡ ಅಂದವರಿಗೆ ಟೀ ಕೊಡದೆ ಕಳಿಸಿದರೆ ಮೂರು ತಲೆಮಾರು ಮಾತಾಡಿಕೊಳ್ತಾರೆ. ಒಂದು ಸಲ ಬೇಡ ಅನ್ನಬೇಕು, ಎರಡನೇ ಸಲಕ್ಕೆ ಸಂಕೋಚ ತೋರಿಸಬೇಕು, ಮೂರನೇ ಸಲಕ್ಕೆ "ಆಯ್ತು, ಅರ್ಧ ಲೋಟ" ಅನ್ನಬೇಕು. ಅರ್ಧ ಅಂದರೆ ಪೂರ್ತಿ ಲೋಟ ಅಂತ ಕೊಡುವವರಿಗೂ ಗೊತ್ತಿರುತ್ತೆ.

ಮನೆಗೆ ಬಂದು ಹೇಳಿದರೆ ಗೀತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಂಠಿಯಂತೂ, "ಅಕ್ಕ, ಇಲ್ಲಿಯವರು ಒಂದೇ ಸಲ ಕೇಳೋದು. ಬೇಕು ಅಂದ್ರೆ ಬೇಕು, ಬೇಡ ಅಂದ್ರೆ ಬೇಡ. ಇಷ್ಟು ವರ್ಷದಲ್ಲಿ ನಾನು ಕಲಿತಿರೋದು ಅದೊಂದೇ" ಅಂತ ದೊಡ್ಡ ಉಪದೇಶ ಮಾಡಿದ. ಅದನ್ನ ನಾನು ಚೆನ್ನಾಗಿ ನೆನಪಿಟ್ಟುಕೊಂಡೆ.

ಬ್ರಿಸ್ಬೇನ್, ಸ್ಪ್ರಿಂಗ್‌ಫೀಲ್ಡ್ ಲೇಕ್ಸ್

ನಿಖಿಲನ ಮೇಲೆ ಕಣ್ಣಿಟ್ಟಿದ್ದ ತಂಡಕ್ಕೆ ಆಸ್ಟ್ರೇಲಿಯಾದಲ್ಲಿ ಹುಡುಗರನ್ನ ಹುಡುಕಿಕೊಡುವ ಒಬ್ಬ ಮನುಷ್ಯ ಇದ್ದ. ಸ್ಕೌಟ್ ಅಂತಾರೆ. ಹೆಸರು ಗ್ಲೆನ್, ಇರೋದು ಬ್ರಿಸ್ಬೇನ್‌ನಲ್ಲಿ. ಡ್ರಾಫ್ಟಿಗೆ ಮುಂಚೆ ಹುಡುಗನ ಆಟ ಒಂದು ಸಲ ನೋಡಬೇಕು, ಅಪ್ಪ ಅಮ್ಮನ ಹತ್ತಿರ ಮಾತಾಡಬೇಕು ಅಂದನಂತೆ. ಹೇಗೂ ಅದೇ ವಾರ ಅಡಿಲೇಡ್‌ನಲ್ಲಿ ಗೀತಳ ತಂಗಿ ಸುಮಳ ಗೃಹಪ್ರವೇಶ ಇತ್ತು. ದೇಶದ ಆ ತುದಿಗೆ ಹಾರಿ, ಬರುವಾಗ ಅಡಿಲೇಡ್‌ನಲ್ಲಿ ಇಳಿಯೋಣ ಅಂತ ನಾಲ್ಕೂ ಜನ ಹೊರಟೆವು.

ಇಳಿದುಕೊಂಡದ್ದು ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ, ಕಂಠಿಯ ಕಾಲೇಜಿನ ಗೆಳೆಯ ಪ್ರಕಾಶನ ಮನೆಯಲ್ಲಿ. ಮಂಡ್ಯದವನು. ಬಾಯಿ ಜೋರು, ಮನಸ್ಸು ಬೆಣ್ಣೆ. ದಿನಾ ಬೆಳಗ್ಗೆ ರೈಲಿನಲ್ಲಿ ಊರೊಳಗೆ ಆಫೀಸಿಗೆ ಹೋಗಿ, ಬರುವಾಗ ರೈಲಿನಲ್ಲೇ ಒಂದು ನಿದ್ದೆ ತೆಗೆದು ಬರ್ತಾನೆ. ಹೆಂಡತಿ ಊರಿಗೆ ಹೋಗಿದ್ದರಿಂದ ಅಡುಗೆಮನೆ ನನ್ನದೂ ಗೀತಳದೂ ಆಯಿತು. ಮನೆಗಳೆಲ್ಲ ಒಂದೇ ಅಚ್ಚು. ಮೊದಲ ದಿನವೇ ವಾಕಿಂಗ್ ಹೋಗಿ ಬಂದವಳು ಬೇರೆಯವರ ಮನೆ ಬೆಲ್ ಒತ್ತಿದೆ. ಬಾಗಿಲು ತೆಗೆದದ್ದು ಗುಜರಾತಿ ಹುಡುಗಿ. "ಆಂಟಿ, ಪ್ರಕಾಶ್ ಅಂಕಲ್ ಮನೆ ಆ ಕಡೆ" ಅಂತ ನಾನು ಬಾಯಿ ಬಿಡುವ ಮೊದಲೇ ದಾರಿ ತೋರಿಸಿದಳು. ಅವರ ಮನೆಗೆ ಹೀಗೆ ದಿನಕ್ಕೊಬ್ಬರು ಬರ್ತಾರಂತೆ.

ಆಟದ ಬಯಲಲ್ಲಿ ಗ್ಲೆನ್ ಕಾಯುತ್ತಿದ್ದ. ಕೆಂಪು ಮುಖ, ದೊಡ್ಡ ಹೊಟ್ಟೆ, ತಲೆಗೆ ಟೋಪಿ. ಕೈ ಕುಲುಕಿದ, ಬ್ಯಾಟು ತೆಗೆದುಕೊಂಡ, ನಿಖಿಲನ ಕಡೆಗೆ ಚೆಂಡು ಹೊಡೆಯಲು ಶುರು ಮಾಡಿದ. ಎಡಕ್ಕೊಂದು, ಬಲಕ್ಕೊಂದು, ನೇರ ಮುಖಕ್ಕೊಂದು. ಅಬ್ಬ, ಆ ಹುಡುಗನ ಆಟ! ಮನೆಯಲ್ಲಿ ತಟ್ಟೆ ಎತ್ತಿಡೋಕೆ ಸೋಮಾರಿತನ ಮಾಡುವವನು ಇವನೇನಾ ಅನ್ನಿಸಿತು. ಚೆಂಡು ಬರುವ ಮೊದಲೇ ಅಲ್ಲಿರುತ್ತಿದ್ದ, ಹಿಡಿದದ್ದು ಕಾಣುವ ಮೊದಲೇ ಎಸೆದಿರುತ್ತಿದ್ದ. ಒಂದು ಚೆಂಡು ಕಲ್ಲಿಗೆ ತಗಲಿ ಎಗರಿ ಗಲ್ಲಕ್ಕೆ ಬಡಿಯಿತು. ಗೀತ "ಅಮ್ಮಾ!" ಅಂತ ಎದ್ದಳು. ಅವನು ರಕ್ತ ಒರೆಸಿಕೊಂಡು, ಇನ್ನೊಂದು ಹೊಡಿ ಅಂತ ಗ್ಲೆನ್‌ಗೆ ಕೈ ಮಾಡಿದ. ನನಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಯಾರೂ ನೋಡದ ಹಾಗೆ ಸೆರಗಿನಲ್ಲಿ ಒರೆಸಿಕೊಂಡೆ.

ಸಂಜೆ ಗ್ಲೆನ್ ಮನೆಗೆ ಬಂದ. ಗಂಡಿನ ಕಡೆಯವರು ಹೆಣ್ಣು ನೋಡೋಕೆ ಬಂದರೆ ನಮ್ಮ ಮನೆಗಳಲ್ಲಿ ಹೇಗೋ ಹಾಗೇ ನಡೆಯಿತು ಎಲ್ಲ. ಸೋಫಾಗೆ ಹೊಸ ಬಟ್ಟೆ, ಉಪ್ಪಿಟ್ಟು, ಕೇಸರಿಬಾತು, ಫಿಲ್ಟರ್ ಕಾಫಿ. ನಿಖಿಲನಿಗೆ ಇಸ್ತ್ರಿ ಮಾಡಿದ ಶರ್ಟು. ಗ್ಲೆನ್ ಮಾತ್ರ ಯಾವ ಸಂಕೋಚವೂ ಇಲ್ಲದೆ ಕೇಸರಿಬಾತಿಗೆ ಎರಡು ಸಲ ತಟ್ಟೆ ಹಿಡಿದ. ಆಮೇಲೆ ಕೈ ಒರೆಸಿಕೊಂಡು ಕಂಠಿಯನ್ನ ನೇರವಾಗಿ ಕೇಳಿದ: "ನಿಕ್‌ಗೆ ಇನ್ನೊಂದು ವರ್ಷ ಕಾಲೇಜಿದೆ. ನಾವು ಅವನ ಹೆಸರು ಕರೆದರೆ ಕಳಿಸ್ತೀರಾ, ಇಲ್ಲ ಕಾಲೇಜಿಗೇ ಹೋಗಲಿ ಅಂತೀರಾ? ಬರಲ್ಲ ಅನ್ನೋ ಹುಡುಗನ ಮೇಲೆ ನಮ್ಮವರು ಸರದಿ ಹಾಳು ಮಾಡ್ಕೊಳ್ಳಲ್ಲ."

ಕಂಠಿ ಸೋಫಾದಲ್ಲಿ ನೆಟ್ಟಗೆ ಕೂತ. ನಮ್ಮಪ್ಪ ನನ್ನ ಮದುವೆ ಮಾತುಕತೆಯಲ್ಲಿ ಕೂತಿದ್ದರಲ್ಲ, ಥೇಟ್ ಹಾಗೆ. "ಅಯ್ಯೋ, ಅವಸರ ಏನಿಲ್ಲ ಬಿಡಿ. ನಮ್ಮದು ಓದಿದ ಮನೆತನ. ಡಿಗ್ರಿ ಮುಗೀಲಿ. ಅವನಿಗೂ ಅಷ್ಟೇನೂ ಆಟ ಬರಲ್ಲ, ಇನ್ನೂ ಕಲೀಬೇಕು" ಅಂದ. ಬೆರಳ ತುದಿಯಲ್ಲಿ ಕಾಫಿ ಲೋಟ ತಿರುಗಿಸುತ್ತ, ಮುಂದಿನ ಒತ್ತಾಯಕ್ಕೆ ಕಾಯುತ್ತ ಮುಗುಳ್ನಕ್ಕ.

"ನೋ ವರೀಸ್, ಮೇಟ್" ಅಂದ ಗ್ಲೆನ್. ಎದ್ದ. ಒಂದು ವಿಸಿಟಿಂಗ್ ಕಾರ್ಡ್ ಮೇಜಿನ ಮೇಲಿಟ್ಟು, ಕೇಸರಿಬಾತು ಬಹಳ ಚೆನ್ನಾಗಿತ್ತು ಅಂತ ಗೀತಳಿಗೆ ಹೇಳಿ, ಹೊರಟೇಹೋದ.

ಅದೇ ಮನೆ, ಗ್ಲೆನ್ ಹೋದ ಮೇಲೆ

ಕಾರಿನ ಸದ್ದು ಮರೆಯಾಯಿತು. ಆಮೇಲೆ ನಾನು ಶುರು ಮಾಡಿದೆ. "ಲೋ ಕಂಠಿ, ನಿನ್ನ ತಲೆಯಲ್ಲಿ ಮೆದುಳಿದೆಯೋ ಮೊಸರನ್ನ ಇದೆಯೋ? ಒಂದೇ ಸಲ ಕೇಳ್ತಾರೆ ಅಂತ ನನಗೆ ಉಪದೇಶ ಮಾಡಿದವನು ನೀನೇ ತಾನೆ?"

"ಆಫೀಸಲ್ಲಿ ಎಲ್ಲ ಸರಿಯಾಗೇ ಮಾತಾಡ್ತೀನಿ ಅಕ್ಕ. ಮಗನ ವಿಷಯ ಬಂದಾಗ ಬಾಯಿಗೆ ಅಪ್ಪನ ಮಾತೇ ಬಂದ್ಬಿಡ್ತು" ಅಂದ, ಸಪ್ಪಗೆ. "ಇನ್ನೊಂದು ಸಲ ಕೇಳ್ತಾನೆ ನೋಡು. ಫೋನ್ ಮಾಡ್ತಾನೆ."

"ನೀನೇ ಮಾಡಿ ಹೇಳು."

"ನಾವಾಗೇ ಮೇಲೆ ಬಿದ್ದು ಹೇಳೋದಾ? ಮರ್ಯಾದೆ ಏನಾಗುತ್ತೆ?"

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಅಂತ ಪ್ರಕಾಶ ಗೊಣಗಿ, ಕಾರ್ಡನ್ನ ಫ್ರಿಜ್ ಬಾಗಿಲಿಗೆ ಮ್ಯಾಗ್ನೆಟ್ಟಿನಲ್ಲಿ ಸಿಕ್ಕಿಸಿದ.

ನಿಖಿಲ ಜಗಳ ಮಾಡಲಿಲ್ಲ. ಮಾಡಿದ್ದರೆ ಎಷ್ಟೋ ವಾಸಿ. ಇಸ್ತ್ರಿ ಶರ್ಟು ಬಿಚ್ಚಿಟ್ಟು, ಹಿತ್ತಲಿಗೆ ಹೋಗಿ ಗೋಡೆಗೆ ಚೆಂಡು ಎಸೆಯುತ್ತ ನಿಂತ. ಹತ್ತಿರ ಹೋಗಿ, "ನೀನೇ ಹೇಳಬಾರದಾಗಿತ್ತೇನೋ?" ಅಂದೆ. "ಅಪ್ಪ ಹೇಳಿದಾರಲ್ಲ, ಅತ್ತೆ" ಅಂದ, ನನ್ನ ಮುಖ ನೋಡದೆ. ಅಪ್ಪನ ಮೇಲೆ ಸಿಟ್ಟು, ಇನ್ನೇನು ಅಂದುಕೊಂಡು ನಾನು ಸುಮ್ಮನಾದೆ.

ಆದರೆ ಸುಮ್ಮನೆ ಕೂರುವ ಜಾತಿಯಲ್ಲ ನಾನು. ಮರುದಿನ ಎಲ್ಲರೂ ಅವರವರ ಕೆಲಸಕ್ಕೆ ಹೋದ ಹೊತ್ತು ನೋಡಿ ಫ್ರಿಜ್ ಹತ್ತಿರ ಹೋದರೆ ಕಾರ್ಡೇ ಇಲ್ಲ. ಹುಡುಕಿದರೆ ಮೈಕ್ರೋವೇವ್ ಮೇಲಿತ್ತು. ತೆಗೆದುಕೊಂಡು ಹಿತ್ತಲಿಗೆ ಹೋಗಿ, ಬಟ್ಟೆ ಒಣಗಿಸುವ ತಂತಿಯ ಮರೆಯಲ್ಲಿ ನಿಂತು, ಫೋನ್ ಮಾಡಿದೆ. "ನಾನು ನಿಕ್‌ನ ಅತ್ತೆ. ನನ್ನ ತಮ್ಮ ಬೇಡ ಅಂದದ್ದು ಬೇಡ ಅಂತಲ್ಲ. ನಮ್ಮಲ್ಲಿ ಬೇಕು ಅನ್ನೋದಕ್ಕೆ ಮುಂಚೆ ಬೇಡ ಅಂತೀವಿ. ಹುಡುಗ ಬರ್ತಾನೆ. ದಯವಿಟ್ಟು ಈ ಫೋನಿನ ವಿಷಯ ಮನೆಯಲ್ಲಿ ಯಾರಿಗೂ ಹೇಳಬೇಡಿ" ಅಂದೆ. ಗ್ಲೆನ್ ಯಾಕೋ ಕೆಮ್ಮಿದ. "ಸರಿ, ಹೇಳಲ್ಲ" ಅಂದ.

ಕಾರ್ಡನ್ನ ಮತ್ತೆ ಫ್ರಿಜ್ಜಿಗೆ ಸಿಕ್ಕಿಸಿ, ಗೆದ್ದೆ ಅಂತ ಒಂದು ಲೋಟ ಸ್ಟ್ರಾಂಗ್ ಕಾಫಿ ಮಾಡಿಕೊಂಡು ಕುಡಿದೆ. ಈ ಮನೆಯಲ್ಲಿ ಬುದ್ಧಿ ಅಂತ ಇರೋದು ನನ್ನೊಬ್ಬಳಿಗೇ ಅಂತ ಎರಡು ದಿನ ಬೀಗಿದ್ದೂ ಹೌದು.

ಅಡಿಲೇಡ್, ಏರ್‌ಪೋರ್ಟು

ಗೃಹಪ್ರವೇಶಕ್ಕೆ ಬರಿಗೈಯಲ್ಲಿ ಹೋಗೋಕಾಗುತ್ತಾ ಅಂತ ಬ್ರಿಸ್ಬೇನ್‌ನಿಂದ ಒಂದು ಚೀಲ ಬಾಳೆಹಣ್ಣು ಹೊತ್ತು ತಂದಿದ್ದೆ. ಅಡಿಲೇಡ್‌ನಲ್ಲಿ ಇಳಿದರೆ ಎದುರಿಗೇ ದೊಡ್ಡ ಡಬ್ಬ. ಹೊರಗಿನ ಹಣ್ಣು ಊರೊಳಗೆ ತರುವ ಹಾಗಿಲ್ಲ, ಹಣ್ಣಿನ ನೊಣ ಬರುತ್ತಂತೆ. ದೇವರಿಗೆ ಅಂತ ತಂದದ್ದನ್ನ ಕಸಕ್ಕೆ ಹಾಕೋದೇ? "ತಿನ್ನಿ ಎಲ್ಲರೂ" ಅಂದೆ. ಡಬ್ಬದ ಪಕ್ಕ ಸಾಲಾಗಿ ನಿಂತು ತಿಂದೆವು. ಕಂಠಿ ನಾಲ್ಕು ತಿಂದ. ಗೀತ ತಿನ್ನಲಾರದೆ ತಿಂದಳು. ಅಲ್ಲಿದ್ದ ಆಫೀಸರಿಗೂ ಒಂದು ಕೊಟ್ಟೆ. ಅವಳು ಬೇಡ ಅಂದಳು. ಬೇಡ ಅಂದರೆ ಬೇಡ ಅಂತ ನಾನೂ ಬಿಟ್ಟೆ. ಎಲ್ಲರೂ ನಗುತ್ತಿದ್ದರೆ ನಿಖಿಲ ಮಾತ್ರ ಸಿಪ್ಪೆಗಳನ್ನ ಒಟ್ಟು ಮಾಡಿ ಡಬ್ಬಕ್ಕೆ ಹಾಕುತ್ತಿದ್ದ.

ಅಡಿಲೇಡ್, ಸುಮಳ ಹೊಸ ಮನೆ

ಗೃಹಪ್ರವೇಶ ಭಾನುವಾರ ಬೆಳಗ್ಗೆ. ಡ್ರಾಫ್ಟಿನ ಕೊನೆಯ ದಿನದ ಸುತ್ತುಗಳೂ ನಮ್ಮ ಭಾನುವಾರ ಬೆಳಗ್ಗೆಗೇ ಬಿದ್ದವು. ಮನೆಯೊಳಗೆ ಹೊಗೆಯಾದರೆ ಅಲಾರ್ಮ್ ಕೂಗಿ ಫೈರ್ ಇಂಜಿನ್ ಬರುತ್ತೆ ಅಂತ ಹೋಮ ಗರಾಜಿನಲ್ಲಿ. ಬಾಗಿಲು ಮೇಲೆತ್ತಿ, ಕಾರು ನಿಲ್ಲೋ ಜಾಗದಲ್ಲಿ ರಂಗೋಲಿ ಹಾಕಿ, ಇಟ್ಟಿಗೆ ಜೋಡಿಸಿದ್ದರು. ಪುರೋಹಿತರು ವಾರವೆಲ್ಲ ಕಂಪ್ಯೂಟರ್ ಕೆಲಸ ಮಾಡಿ ಭಾನುವಾರ ಮಂತ್ರ ಹೇಳುವವರು. ನಾಯಿ ಹಿಡಿದುಕೊಂಡು ವಾಕಿಂಗ್ ಹೋಗುತ್ತಿದ್ದವರೆಲ್ಲ ನಿಂತು, "ಬಾರ್ಬಿ ಮಾಡ್ತಿದೀರಾ?" ಅಂತ ಕೇಳಿಕೊಂಡು ಹೋದರು. ಅಲ್ಲಿ ಬಾರ್ಬಿ ಅಂದರೆ ಬಯಲಲ್ಲಿ ಮಾಂಸ ಸುಡೋದು. ಪುರೋಹಿತರು ಕಣ್ಣು ಮುಚ್ಚಿಕೊಂಡು ಮಂತ್ರ ಜೋರು ಮಾಡಿದರು.

ನಾನು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ ಕೂತಿದ್ದೆ. ಪಕ್ಕದಲ್ಲೇ ಲ್ಯಾಪ್‌ಟಾಪ್. ಅದರಲ್ಲಿ ಅಮೆರಿಕದವರು ಒಬ್ಬರಾದ ಮೇಲೊಬ್ಬರು ಹೆಸರು ಓದುತ್ತಿದ್ದರು. ರೇಷನ್ ಅಂಗಡಿಯಲ್ಲಿ ಕೂಗಿದ ಹಾಗೆ, ಉತ್ಸಾಹವೂ ಇಲ್ಲ, ಉಸಿರೂ ಇಲ್ಲ. ಕಂಠಿ ನಿಮಿಷಕ್ಕೊಂದು ಸಲ ಬಂದು, "ಏನಾದ್ರೂ?" ಅಂತ ಹುಬ್ಬು ಹಾರಿಸುತ್ತಿದ್ದ. ರಾತ್ರಿ ನಿದ್ದೆ ಮಾಡಿದ ಮುಖವೇ ಅಲ್ಲ. ಗೀತ ಹೂ ಕಟ್ಟುವ ನೆಪದಲ್ಲಿ ಅಲ್ಲೇ ಇದ್ದಳು. ನಿಖಿಲ ಮಾತ್ರ ಈ ಕಡೆ ತಲೆ ಹಾಕಲಿಲ್ಲ. ಕುರ್ಚಿ ಹೊತ್ತ, ಚಾಪೆ ಹಾಸಿದ. "ನೋಡೋ ಬಾರೋ" ಅಂದರೆ, "ನನ್ನ ಹೆಸರು ಬರಲ್ಲ ಅತ್ತೆ" ಅಂದ.

ಮೂವತ್ತು ಸುತ್ತು ಮುಗಿಯಿತು. ನನ್ನ ಧೈರ್ಯವೂ ಕರಗುತ್ತ ಬಂತು. ಇನ್ನೊಂದು ಕಾಯಿ ಒಡೆದು ತುರಿಯುತ್ತಿದ್ದೆ, ಆ ರೇಷನ್ ಅಂಗಡಿ ದನಿ ನಮ್ಮ ಹುಡುಗನ ಹೆಸರು ಹೇಳಿತು. ಅವನ ಕಾಲೇಜು, ಶಾರ್ಟ್‌ಸ್ಟಾಪ್, ಊರು ಪರ್ತ್, ಎಲ್ಲ. ಹೇಳಿ ಮುಂದಿನ ಹೆಸರಿಗೆ ಹೋಗಿಯೂ ಬಿಟ್ಟಿತು.

"ಬಂತೂ!" ಅಂತ ಕಿರುಚಿದೆ. ಗರಾಜಿನಲ್ಲಿ ಪುರೋಹಿತರು, "ಹಾಲು ಇನ್ನೂ ಇಟ್ಟೇ ಇಲ್ಲ ತಾಯಿ!" ಅಂತ ಕೂಗಿದರು. ಗೀತ ಹೂವಿನ ಸಮೇತ, ಓಡಿ ಬಂದ ನಿಖಿಲನನ್ನ ತಬ್ಬಿಕೊಂಡಳು. ಕಂಠಿ ಬಾಗಿಲಲ್ಲಿ ನಿಂತವನು ನಿಂತಲ್ಲೇ ಇದ್ದ. ನಿಖಿಲ ಖುಷಿಪಡಬೇಕೋ ಬೇಡವೋ ತಿಳಿಯದವನ ಹಾಗೆ ಅಪ್ಪನ ಮುಖವನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಗ್ಲೆನ್. ಸ್ಪೀಕರಿಗೆ ಹಾಕು ಅಂತ ಗೀತ ಕೈಸನ್ನೆ ಮಾಡಿದಳು.

"ಕಂಗ್ರಾಟ್ಸ್, ನಿಕ್" ಅಂದ ಗ್ಲೆನ್. "ಆ ಮನೆಯವರು ಹುಡುಗನನ್ನ ಕಳಿಸಲ್ಲ ಅಂತಾರಲ್ಲ ಅಂತ ನಮ್ಮವರು ಕೇಳಿದರು. ನಾನು ಹೇಳಿದೆ: ಅವರಪ್ಪ ಫೋನ್ ಮಾಡಿ ಕಳಿಸ್ತೀನಿ ಅಂದರು, ಮನೆಯಲ್ಲಿ ಹೇಳಬೇಡಿ ಅಂದರು. ಅವರಮ್ಮ ದಿನಸಿ ಅಂಗಡಿಯಿಂದ ಫೋನ್ ಮಾಡಿದರು, ಗಂಡನಿಗೆ ಹೇಳಬೇಡಿ ಅಂದರು. ಆ ಮನೆ ಪ್ರಕಾಶ್ ರೈಲಿನಿಂದ ಮಾಡಿದ. ಆಮೇಲೆ ಅತ್ತೆ. ನನ್ನ ಸರ್ವಿಸಿನಲ್ಲೇ ಒಂದು ಮನೆಯಿಂದ ಇಷ್ಟು ಫೋನು ಬಂದಿಲ್ಲ. ಹೇಳಬಾರದು ಅಂತ ಎಲ್ಲರಿಗೂ ಮಾತು ಕೊಟ್ಟಿದ್ದೆ, ಸಾರಿ."

ಕಂಠಿ ಗೀತಳನ್ನ ನೋಡಿದ. ಗೀತ ನನ್ನನ್ನ ನೋಡಿದಳು. ನಾನು ತೆಂಗಿನಕಾಯಿ ನೋಡಿದೆ. ಆಮೇಲೆ ಮೂವರಿಗೂ ತಡೆಯಲಾರದ ನಗು. ಬುದ್ಧಿ ನನ್ನೊಬ್ಬಳಿಗೇ ಅಂತ ಬೀಗಿದ್ದೆನಲ್ಲ, ಇಡೀ ಮನೆಗೆ ಮನೆಯೇ ಬುದ್ಧಿವಂತರದ್ದು!

"ಫೋನ್ ಮಾಡದೇ ಇದ್ದವನು ನೀನೊಬ್ಬನೇ, ನಿಕ್" ಅಂದ ಗ್ಲೆನ್. "ಈಗ ನಿನ್ನನ್ನೇ ಕೇಳ್ತೀನಿ. ಬರ್ತೀಯಾ?"

ನಿಖಿಲ ಫೋನನ್ನ ಮೇಜಿನ ಮೇಲಿಟ್ಟು ಅಪ್ಪನ ಕಡೆ ತಿರುಗಿದ. "ನಾನು ಹೋಗೋದು ನಿಮಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ" ಅಂದ. "ಅದಕ್ಕೇ ನಾನು ಮಾಡಲಿಲ್ಲ."

ನಮ್ಮ ನಗು ನಿಂತುಹೋಯಿತು.

"ಲೋ, ಅದು... ಅದು ಹಾಗೆ ಹೇಳೋದು ಕಣೋ. ಬಾಯಲ್ಲಿ ಹೇಳೋದಷ್ಟೇ" ಅಂದ ಕಂಠಿ.

"ನನಗೆ ಹೇಗೆ ಗೊತ್ತಾಗ್ಬೇಕು, ಅಪ್ಪ? ನನಗೆ ಆಟ ಬರಲ್ಲ ಅಂದ್ರಲ್ಲ."

ಅಷ್ಟು ದಿನ ಹುಡುಗನಿಗಿದ್ದದ್ದು ಸಿಟ್ಟಲ್ಲ, ನೋವು. ಅಪ್ಪನ ಮಾತನ್ನ ಇದ್ದ ಹಾಗೇ ನಂಬಿ, ಇಷ್ಟು ದೊಡ್ಡ ಆಸೆಯನ್ನ ಒಳಗೇ ನುಂಗಿಕೊಂಡು ಕುರ್ಚಿ ಹೊರುತ್ತಿದ್ದ. ಕಂಠಿ ಬಂದು ಅವನ ಎರಡೂ ಕೈ ಹಿಡಿದುಕೊಂಡ. "ನಿನ್ನ ಆಟ ನೋಡ್ತಾ ನನಗೆ ಎಷ್ಟು ಹೆಮ್ಮೆ ಆಯ್ತು ಅಂದ್ರೆ, ಅದನ್ನ ಬೇರೆಯವರ ಮುಂದೆ ಹೇಳೋಕೆ ಭಯ ಆಯ್ತು ಕಣೋ, ದೃಷ್ಟಿ ತಾಗುತ್ತೇನೋ ಅಂತ" ಅಂದ. ಅಷ್ಟೇ, ಇಬ್ಬರೂ ಅಳೋಕೆ ಶುರು ಮಾಡಿದರು. ಗೀತಳೂ ಸೇರಿಕೊಂಡಳು.

ಮೇಜಿನ ಮೇಲಿನ ಫೋನಿನಲ್ಲಿ ಗ್ಲೆನ್ ಒಬ್ಬನೇ, "ಹಲೋ? ಯಾರಾದ್ರೂ ಇದೀರಾ?" ಅನ್ನುತ್ತಿದ್ದ. ಕೈಗಂಟಿದ್ದ ಕಾಯಿತುರಿ ಒರೆಸಿಕೊಂಡು ನಾನೇ ಎತ್ತಿಕೊಂಡೆ.

"ಬರ್ತಾನೆ" ಅಂದೆ. "ನೀವು ಒಂದು ಐದು ನಿಮಿಷ ಬಿಟ್ಟು ಫೋನ್ ಮಾಡಿ. ಅಪ್ಪ, ಮಗ ಮಾತಾಡ್ತಿದಾರೆ."